ಅಂಕಿಯಲ್ಲಿ ಹಿಡಿದ ಜಾಯಮಾನ

ಬೇಸ್‌ಬಾಲ್ ಪಂದ್ಯವನ್ನು ದಾಳ, ಕಾರ್ಡು, ಕಂಪ್ಯೂಟರುಗಳ ಮೂಲಕ ಮನೆಯಲ್ಲೇ ಕೂತು ಆಡಿ ನೋಡುವ ಆಟಗಳಿಗೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಗುಂಡಿ ಒತ್ತಿ ಚೆಂಡು ಹೊಡೆಯುವ ವಿಡಿಯೊ ಗೇಮುಗಳ ಜಾತಿಗೆ ಇವು ಸೇರುವುದಿಲ್ಲ. ಇಲ್ಲಿ ಆಡುವವರು ವಹಿಸುವುದು ಮ್ಯಾನೇಜರನ ಪಾತ್ರವನ್ನು. ಕ್ರಿಕೆಟ್ಟಿನಲ್ಲಿ ನಾಯಕ ಮೈದಾನದಲ್ಲೇ ನಿಂತು ಮಾಡುವ ಬಹುಪಾಲು ಕೆಲಸವನ್ನು ಬೇಸ್‌ಬಾಲಿನಲ್ಲಿ ಮೈದಾನದ ಅಂಚಿನ ಡಗ್‌ಔಟ್‌ನಲ್ಲಿ ಕೂತ ಮ್ಯಾನೇಜರ್ ಮಾಡುತ್ತಾನೆ. ಬ್ಯಾಟಿಂಗ್ ಕ್ರಮ ಬರೆಯುವವನು ಅವನು, ಚೆಂಡೆಸೆದು ದಣಿದ ಪಿಚರನ್ನು ಹಿಂದಕ್ಕೆ ಕರೆಯುವವನು ಅವನು, ಓಡು ಎಂದು ಸನ್ನೆ ಮಾಡಿಸುವವನೂ ಅವನೇ. ಈ ಆಟಗಳ ಕಂಪ್ಯೂಟರ್ ಆವೃತ್ತಿಗಳಲ್ಲಿ ಮ್ಯಾನೇಜರನ ಒಲವುಗಳನ್ನು ಹೊಂದಿಸುವ ಒಂದು ಪರದೆ ಇರುತ್ತದೆ. ಚೆಂಡನ್ನು ಮೆಲ್ಲಗೆ ತಟ್ಟುವ ಬಂಟ್ ಎಷ್ಟು ಸಲ ಮಾಡಿಸಬೇಕು, ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡುವ, ಅಂದರೆ ಬೇಸ್ ಕದಿಯುವ ಸಾಹಸಕ್ಕೆ ಎಷ್ಟು ಕೈಹಾಕಬೇಕು, ಪಿಚರನ್ನು ಎಷ್ಟು ಬೇಗ ಬದಲಿಸಬೇಕು, ಎದುರಾಳಿಯ ಅಪಾಯಕಾರಿ ಬ್ಯಾಟರ್‌ಗೆ ಹೊಡೆಯಲು ಬಿಡದೆ ಬೇಕೆಂದೇ ಎಷ್ಟು ಸಲ ಮೊದಲ ಬೇಸಿಗೆ ವಾಕ್ ಕೊಡಬೇಕು ಎಂದು ಒಂದೊಂದಕ್ಕೂ ಕಡಿಮೆಯಿಂದ ಹೆಚ್ಚಿಗೆ ಸರಿಸುವ ಒಂದು ಅಳತೆ, ಅಂದರೆ ಸ್ಲೈಡರ್. ನೋಡಲು ಸಣ್ಣ ಸಂಗತಿ. ಆದರೆ ಮನುಷ್ಯನ ತೀರ್ಮಾನವನ್ನು ಅಂಕಿಯಾಗಿ ಬರೆದಿಡಬಹುದೇ ಎಂಬ ಪ್ರಶ್ನೆಯ ಇತಿಹಾಸ ಈ ಪರದೆಯೊಳಗೆ ಅಡಗಿದೆ. ಮ್ಯಾನೇಜರನ ಒಲವು ಗೊತ್ತಾಗುವುದು ಒಂದು ಕೆಲಸವನ್ನು ಅವನು ಯಾವ ಸಂದರ್ಭದಲ್ಲಿ ಮಾಡಿಸಿದ ಎಂಬುದರಿಂದ; ಎಷ್ಟು ಸಲ ಮಾಡಿಸಿದ ಎಂಬ ಲೆಕ್ಕ ಅದರ ನೆರಳು ಮಾತ್ರ. ಟಪಾಲಿನಲ್ಲಿ ಆಡುತ್ತಿದ್ದ ಕಾಲದವರು ಇದನ್ನು ತಿಳಿದಿದ್ದರು, ಕಂಪ್ಯೂಟರಿನ ಮೊದಲ ಪೀಳಿಗೆ ಇದನ್ನು ಮರೆಯಿತು, ಈಗ ಅದು ನಿಧಾನವಾಗಿ ಮರಳಿ ಬರುತ್ತಿದೆ ಎಂಬುದು ನನ್ನ ವಾದ.

ಮೊದಲು ಕಾರ್ಡುಗಳ ಕಾಲವನ್ನು ನೋಡಬೇಕು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಕ್ಲಿಫರ್ಡ್ ವ್ಯಾನ್ ಬೀಕ್ ಅವರು ‘ನ್ಯಾಷನಲ್ ಪಾಸ್‌ಟೈಮ್’ ಎಂಬ ಆಟಕ್ಕೆ 1925ರಲ್ಲಿ ಪೇಟೆಂಟ್ ಪಡೆದರು. ನಿಜವಾದ ಆಟಗಾರರ ಹೆಸರಿನಲ್ಲಿ ಒಂದೊಂದು ಕಾರ್ಡು, ಆ ಕಾರ್ಡಿನ ಮೇಲೆ ಅವರವರ ಸಾಧನೆಗೆ ತಕ್ಕ ಅಂಕಿಗಳು, ದಾಳ ಉರುಳಿಸಿದರೆ ಫಲಿತಾಂಶ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಆ ಆಟ ನೆಲಕಚ್ಚಿತು. ಅದನ್ನು ಹುಡುಗನಾಗಿದ್ದಾಗ ಆಡಿದ್ದ ಜೆ. ರಿಚರ್ಡ್ ಸೈಟ್ಜ್ ಅವರು 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಿಂದ ‘ಎಪಿಬಿಎ’ ಆಟವನ್ನು ಮಾರತೊಡಗಿದರು. ಈ ನಡುವೆ 1941ರಲ್ಲಿ, ಅಗ್ರ ವೃತ್ತಿಪರ ಮಟ್ಟವಾದ ಮೇಜರ್ ಲೀಗಿನಲ್ಲೇ ಆಡಿದ್ದ ಈಥನ್ ಆಲನ್ ಅವರ ‘ಆಲ್-ಸ್ಟಾರ್ ಬೇಸ್‌ಬಾಲ್’ ಬಂತು. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ದುಂಡು ತಟ್ಟೆ, ಅದರ ಮೇಲೆ ತಿರುಗುವ ಮುಳ್ಳು. 1961ರಲ್ಲಿ ನ್ಯೂಯಾರ್ಕಿನ ಹ್ಯಾಲ್ ರಿಚ್‌ಮನ್ ಅವರು ಹನ್ನೊಂದನೇ ವಯಸ್ಸಿನಿಂದ ತಿದ್ದುತ್ತ ಬಂದಿದ್ದ ಆಟವನ್ನು ‘ಸ್ಟ್ರ್ಯಾಟ್-ಒ-ಮ್ಯಾಟಿಕ್’ ಎಂಬ ಹೆಸರಿನಲ್ಲಿ ಹೊರತಂದರು. ಅವರ ಯುಕ್ತಿ ಸರಳವಾಗಿತ್ತು. ಮೂರು ದಾಳ ಉರುಳಿಸಬೇಕು. ಒಂದರಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡು. ಮಿಕ್ಕೆರಡು ದಾಳಗಳ ಮೊತ್ತ ಸಾಲನ್ನು ತೋರಿಸುತ್ತದೆ. ಒಂದು ಹೊಡೆತಕ್ಕೆ ಹೊಡೆದವನು ಎಷ್ಟು ಕಾರಣ, ಎಸೆದವನು ಎಷ್ಟು ಕಾರಣ ಎಂಬ ಕಷ್ಟದ ಪ್ರಶ್ನೆಯನ್ನು ಅವರು ಅರ್ಧರ್ಧ ಹಂಚಿ ಮುಗಿಸಿದ್ದರು.

ಈ ಕಾರ್ಡುಗಳ ಮೇಲೆ ಏನಿತ್ತು ಎನ್ನುವಷ್ಟೇ ಏನಿರಲಿಲ್ಲ ಎಂಬುದೂ ಮುಖ್ಯ. ಸ್ಟ್ರ್ಯಾಟ್-ಒ-ಮ್ಯಾಟಿಕ್ ಕಾರ್ಡಿನ ಮೇಲೆ ಆಟಗಾರನ ಬಂಟಿಂಗ್‌ಗೆ ಒಂದು ದರ್ಜೆ, ಓಟಗಾರ ಓಡುತ್ತಿದ್ದಂತೆ ಬ್ಯಾಟರ್ ಹೊಡೆಯುವ ಹಿಟ್ ಅಂಡ್ ರನ್‌ಗೆ ಒಂದು ದರ್ಜೆ, ಬೇಸ್ ಕದಿಯುವುದಕ್ಕೆ ಒಂದು ದರ್ಜೆ, ಓಟದ ವೇಗಕ್ಕೆ ಒಂದು ಅಂಕಿ ಇರುತ್ತಿದ್ದವು. ಅಂದರೆ ಅವನ ಸಾಮರ್ಥ್ಯ ಅಚ್ಚಾಗಿತ್ತು. ಅವನನ್ನು ಓಡಿಸಬೇಕೋ ಬೇಡವೋ ಎಂಬುದು ಎಲ್ಲೂ ಅಚ್ಚಾಗಿರಲಿಲ್ಲ. ನಮ್ಮ ಶಾಲೆಗಳ ಬುಕ್ ಕ್ರಿಕೆಟ್ಟನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಪುಟ ತೆರೆದರೆ ರನ್ ಬರುತ್ತದೆ ಇಲ್ಲವೇ ವಿಕೆಟ್ ಬೀಳುತ್ತದೆ, ನಾಯಕ ತಲೆ ಕೆಡಿಸಿಕೊಳ್ಳಬೇಕಾದ ಗಳಿಗೆಯೇ ಇಲ್ಲ. ಇಲ್ಲಾದರೋ ದಾಳ ಕೈಯಲ್ಲಿ ಹಿಡಿದವರು ಪ್ರತಿ ಸಲ ಉರುಳಿಸುವ ಮುನ್ನ ಒಂದು ತೀರ್ಮಾನ ಮಾಡಲೇಬೇಕು. ಆ ತೀರ್ಮಾನದಲ್ಲೇ ಆಟದ ರುಚಿಯೆಲ್ಲ ಇತ್ತು, ಹಾಗಾಗಿ ಅದನ್ನು ಅಚ್ಚುಮಾಡುವ ಯೋಚನೆಯೇ ತಯಾರಕರಿಗೆ ಬಂದಿರಲಾರದು. 1972ರಲ್ಲಿ ಎಡಗೈ-ಬಲಗೈ ಪಿಚರುಗಳಿಗೆ ಬೇರೆಬೇರೆ ಫಲಿತಾಂಶ ಕೊಡುವ ಕಾರ್ಡುಗಳು ಬಂದ ಮೇಲಂತೂ ಯಾರನ್ನು ಯಾರ ಎದುರು ನಿಲ್ಲಿಸಬೇಕು ಎಂಬ ಲೆಕ್ಕಾಚಾರ ಇನ್ನಷ್ಟು ಬೆಳೆಯಿತು. ಎದುರುಬದುರು ಕೂತ ಇಬ್ಬರಿಗೆ ಈ ಏರ್ಪಾಡು ಸಾಕಾಗಿತ್ತು. ತೊಡಕು ಶುರುವಾದದ್ದು ಎದುರಾಳಿ ದೂರದ ಊರಿನಲ್ಲಿದ್ದಾಗ.

ಅಮೆರಿಕದಂಥ ವಿಶಾಲ ದೇಶದಲ್ಲಿ ಈ ಆಟದ ಹುಚ್ಚು ಹಿಡಿದವರು ಒಂದೇ ಊರಿನಲ್ಲಿ ಸಿಗುವುದು ಅಪರೂಪ. ಆದ್ದರಿಂದ ಟಪಾಲಿನ ಮೂಲಕ ಲೀಗುಗಳು ಹುಟ್ಟಿಕೊಂಡವು. ಸರಣಿ ಯಾರ ‘ಮನೆಯಂಗಳ’ದಲ್ಲಿ ನಡೆಯಬೇಕೋ ಅವರೇ ಎರಡೂ ಕಡೆಯ ದಾಳ ಉರುಳಿಸಿ, ಸ್ಕೋರ್ ಹಾಳೆ ತುಂಬಿ ಕಳಿಸುವುದು ಪದ್ಧತಿ. ಹೊರಗಿನ ತಂಡದವರು ಮುಂಚಿತವಾಗಿ ಒಂದು ಸೂಚನಾಪತ್ರ ಬರೆದು ಕಳಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇಂದಿನ ಸ್ಲೈಡರುಗಳ ಪೂರ್ವಜ ಈ ಪತ್ರವೇ. ಅದರಲ್ಲಿ ಬ್ಯಾಟಿಂಗ್ ಕ್ರಮ, ಪಿಚರುಗಳ ಸರದಿ ಇರುವುದು ಸರಿಯೇ. ಪತ್ರದ ಜೀವಾಳ ಮಾತ್ರ ‘ಆದರೆ’ಗಳಲ್ಲಿ ಇರುತ್ತಿತ್ತು. ಎಂಟನೇ ಇನಿಂಗ್ಸ್ ನಂತರ ಮುನ್ನಡೆ ಇದ್ದರೆ ಇಂಥವನನ್ನು ತೆಗೆದು ಚೆನ್ನಾಗಿ ಫೀಲ್ಡಿಂಗ್ ಮಾಡುವ ಇನ್ನೊಬ್ಬನನ್ನು ಇಳಿಸಿ. ಎಡಗೈ ಪಿಚರ್ ಬಂದರೆ ಇವನ ಬದಲು ಅವನು ಬ್ಯಾಟ್ ಮಾಡಲಿ. ಎರಡು ರನ್ ಹಿಂದಿರುವಾಗ ಯಾರನ್ನೂ ಓಡಿಸಬೇಡಿ. ಹೀಗೆ ಪ್ರತಿಯೊಂದು ಆಜ್ಞೆಗೂ ಒಂದು ಷರತ್ತು. ಈ ಪತ್ರವನ್ನು ಓದಿ ಜಾರಿಮಾಡಬೇಕಾದವರು ಎದುರಾಳಿಯೇ ಆದ್ದರಿಂದ ಇಡೀ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿತ್ತು. ತನ್ನ ಸೋಲಿಗೆ ಕಾರಣವಾಗುವ ಆಜ್ಞೆಯನ್ನೂ ಪ್ರಾಮಾಣಿಕವಾಗಿ ಪಾಲಿಸಬೇಕು. ಪತ್ರದಲ್ಲಿ ಬರೆಯದ ಸಂದರ್ಭ ಬಂದರೆ ಎದುರಾಳಿಯ ಮನಸ್ಸು ಹೇಗೆ ಓಡುತ್ತದೆ ಎಂದು ಊಹಿಸಿ ಅವರ ಪರವಾಗಿ ತೀರ್ಮಾನಿಸಬೇಕು. ಇನ್ನೊಬ್ಬರ ಜಾಯಮಾನವನ್ನು ತಿಳಿದು ಅದರಂತೆ ಆಡುವುದು ಎಂಬ ಕಲ್ಪನೆ ಈ ಹವ್ಯಾಸದೊಳಗೆ ಬೇರುಬಿಟ್ಟದ್ದು ಇಲ್ಲಿಂದ.

ಕಂಪ್ಯೂಟರಿನ ಕಡೆಯ ಕಥೆ ಬೇರೆ ದಾರಿಯಲ್ಲಿ ಬಂತು. 1961ರ ಸುಮಾರಿಗೆ ಐಬಿಎಂ ಉದ್ಯೋಗಿ ಜಾನ್ ಬರ್ಗ್‌ಸನ್ ಅವರು ಒಹಾಯೊದ ಆಕ್ರನ್‌ನಲ್ಲಿ ಐಬಿಎಂ 1620 ಯಂತ್ರಕ್ಕೆ ಒಂದು ಬೇಸ್‌ಬಾಲ್ ಪ್ರೋಗ್ರಾಮ್ ಬರೆದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನ ಕಾಲೇಜಿನ ವಿದ್ಯಾರ್ಥಿ ಡಾನ್ ಡ್ಯಾಗ್ಲೊ ಪಿಡಿಪಿ-10 ಯಂತ್ರದ ಮೇಲೆ ‘ಬೇಸ್‌ಬಾಲ್’ ಎಂಬ ಆಟ ಕಟ್ಟಿದರು. 1980ರ ದಶಕದಲ್ಲಿ ಮನೆಗಳಿಗೆ ಕಂಪ್ಯೂಟರ್ ಬಂದಾಗ ‘ಮೈಕ್ರೊಲೀಗ್ ಬೇಸ್‌ಬಾಲ್’ನಂಥವು ಮಾರುಕಟ್ಟೆಗೆ ಬಂದವು. ಈಗ ಎದುರಾಳಿ ಯಂತ್ರವೇ ಆಗಬಹುದಿತ್ತು. ಯಂತ್ರ ಮ್ಯಾನೇಜರ್ ಆಗಬೇಕಾದರೆ ಅದಕ್ಕೆ ಬುದ್ಧಿಯ ಜೊತೆ ಒಂದು ಸ್ವಭಾವವೂ ಬೇಕು. ಆ ಸ್ವಭಾವವನ್ನು ಎಲ್ಲಿಂದ ತರುವುದು? ಡ್ಯಾಗ್ಲೊ ಅವರು ಎಡ್ಡಿ ಡಾಂಬ್ರೋವರ್ ಜೊತೆ ಸೇರಿ ಎಲೆಕ್ಟ್ರಾನಿಕ್ ಆರ್ಟ್ಸ್‌ಗಾಗಿ 1987ರಲ್ಲಿ ತಂದ ‘ಅರ್ಲ್ ವೀವರ್ ಬೇಸ್‌ಬಾಲ್’ ಇದಕ್ಕೆ ನೇರ ಉತ್ತರ ಕೊಟ್ಟಿತು: ಬದುಕಿರುವ ಮ್ಯಾನೇಜರ್ ಒಬ್ಬರನ್ನು ಕೂರಿಸಿಕೊಂಡು ಕೇಳುವುದು. ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 1968ರಿಂದ 1982ರವರೆಗೆ, ಮತ್ತೆ 1985-86ರಲ್ಲಿ ನಡೆಸಿದ ಅರ್ಲ್ ವೀವರ್ ಅವರೊಂದಿಗೆ ದೀರ್ಘ ಸಂದರ್ಶನಗಳನ್ನು ನಡೆಸಿ, ಅವರ ಯೋಚನಾಕ್ರಮವನ್ನು ಪ್ರೋಗ್ರಾಮಿಗೆ ಇಳಿಸಿದರು. ಆಟದ ನಡುವೆ ವೀವರ್ ಅವರ ಸಲಹೆ ಕೇಳುವ ಅವಕಾಶವೂ ಇತ್ತು.

ಆರಿಸಿದ ವ್ಯಕ್ತಿಯೂ ತಕ್ಕವರೇ. ಯಾವ ಬ್ಯಾಟರ್ ಯಾವ ಪಿಚರ್ ಎದುರು ಹಿಂದೆ ಹೇಗೆ ಆಡಿದ್ದಾನೆ ಎಂಬುದನ್ನು ಸಣ್ಣ ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು, ಅದನ್ನು ನೋಡಿ ತಂಡ ಹೊಂದಿಸುತ್ತಿದ್ದವರು ವೀವರ್. ಎಡ ಔಟ್‌ಫೀಲ್ಡಿನ ಒಂದೇ ಜಾಗವನ್ನು ಎಡಗೈ ಬ್ಯಾಟರ್ ಜಾನ್ ಲೋವೆನ್‌ಸ್ಟೀನ್ ಮತ್ತು ಬಲಗೈಯ ಗ್ಯಾರಿ ರೋನಿಕಿ ನಡುವೆ ಎದುರಾಳಿ ಪಿಚರನ ಕೈ ನೋಡಿ ಹಂಚುತ್ತಿದ್ದರು. ಬಂಟ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ರನ್ನಿಗಾಗಿ ಆಡುವವರಿಗೆ ಒಂದೇ ರನ್ ಸಿಗುತ್ತದೆ ಎಂಬುದು 1984ರ ಅವರ ತಂತ್ರಗಳ ಪುಸ್ತಕದಲ್ಲಿರುವ ನಿಲುವು. ಆದರೂ ಆ ಒಂದೇ ರನ್ ಪಂದ್ಯ ಗೆಲ್ಲಿಸುತ್ತದೆ ಎಂದು ಗೊತ್ತಿರುವಾಗ ಬಂಟ್ ಮಾಡಿಸುವುದಕ್ಕೆ ಅವರ ಅಡ್ಡಿಯಿರಲಿಲ್ಲ. ವೀವರ್ ಅವರ ಒಲವನ್ನು ‘ಬಂಟ್: ಅತಿ ಕಡಿಮೆ’ ಎಂದು ಒಂದೇ ಮಾತಿನಲ್ಲಿ ಬರೆದರೆ ಈ ವಿನಾಯಿತಿ ಕೈಬಿಟ್ಟು ಹೋಗುತ್ತದೆ, ವೀವರ್ ವೀವರ್ ಆಗಿರುವುದೇ ಆ ವಿನಾಯಿತಿಯಿಂದ. ಸಂದರ್ಶನದ ಮೂಲಕ ಕಟ್ಟಿದ ಯಂತ್ರಕ್ಕೆ ಇಂಥದ್ದು ಸಿಗುವ ಸಾಧ್ಯತೆ ಇತ್ತು. ಆದರೆ ಮೇಜರ್ ಲೀಗಿನ ಇಪ್ಪತ್ತಾರು ತಂಡಗಳ ಮ್ಯಾನೇಜರುಗಳನ್ನೆಲ್ಲ, ಅದರಲ್ಲೂ ಸತ್ತುಹೋದ ಹಳಬರನ್ನು, ಹೀಗೆ ಕೂರಿಸಿ ಕೇಳಲಾದೀತೇ? ಅಗ್ಗದ ಉಪಾಯ ಬೇಕಿತ್ತು. ಅದೇ ಸ್ಲೈಡರ್.

ಗಂಭೀರ ಹವ್ಯಾಸಿಗಳಿಗಾಗಿ ಬಂದ ಆಟಗಳಲ್ಲಿ ಈ ಉಪಾಯ ನೆಲೆಯೂರಿತು. ಟಾಮ್ ಟಿಪೆಟ್ ಅವರ ‘ಡೈಮಂಡ್ ಮೈಂಡ್’ನಲ್ಲಿ ಪ್ರತಿ ತಂಡಕ್ಕೂ ಒಂದು ಮ್ಯಾನೇಜರ್ ಪ್ರೊಫೈಲ್; ಸ್ಟ್ರ್ಯಾಟ್-ಒ-ಮ್ಯಾಟಿಕ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ರಿಚ್‌ಮನ್ ಅವರ ಹೆಸರನ್ನೇ ಹೊತ್ತ ‘ಹ್ಯಾಲ್’ ಎಂಬ ಯಂತ್ರ-ಮ್ಯಾನೇಜರ್, ಅವನನ್ನು ಹೆಚ್ಚು ಎಚ್ಚರಿಕೆಯವನನ್ನಾಗಿಯೋ ಹೆಚ್ಚು ಆಕ್ರಮಣಕಾರಿಯನ್ನಾಗಿಯೋ ಮಾಡುವ ಆಯ್ಕೆಗಳು. ಟಪಾಲಿನ ಪತ್ರ ಬರೆಯುವ ಕಷ್ಟ ತಪ್ಪಿತು. ಎದುರಾಳಿಯ ಪ್ರಾಮಾಣಿಕತೆಯನ್ನು ನಂಬಬೇಕಾದ ಅಗತ್ಯವೂ ತಪ್ಪಿತು, ಏಕೆಂದರೆ ಯಂತ್ರಕ್ಕೆ ಪಕ್ಷಪಾತವಿಲ್ಲ. ಒಂದು ಇಡೀ ಋತುವಿನ 162 ಪಂದ್ಯಗಳನ್ನು ಸ್ವಲ್ಪ ಹೊತ್ತಿನಲ್ಲಿ ಆಡಿಸಿ ನೋಡಬಹುದಾಯಿತು. ಇವೆಲ್ಲ ದೊಡ್ಡ ಲಾಭಗಳೇ. ನಷ್ಟವಾದದ್ದು ‘ಆದರೆ’. ಪತ್ರದಲ್ಲಿ ಹತ್ತು ಸಾಲುಗಳಲ್ಲಿ ಹೇಳುತ್ತಿದ್ದ ಷರತ್ತುಗಳೆಲ್ಲ ಒಂದೇ ಅಂಕಿಯೊಳಗೆ ಕರಗಿದವು. ಸಾಮಾನ್ಯಕ್ಕಿಂತ ಹೆಚ್ಚು ಬಂಟ್ ಮಾಡಿಸು ಎಂದರೆ ಯಂತ್ರ ಎಲ್ಲ ಸಂದರ್ಭಗಳಲ್ಲೂ ಒಂದಿಷ್ಟು ಹೆಚ್ಚು ಬಂಟ್ ಮಾಡಿಸುತ್ತದೆ, ಸರಿಯಾದ ಕಡೆಯೂ ತಪ್ಪಾದ ಕಡೆಯೂ.

ಇದರಿಂದ ಆಗುವ ಹಾನಿಯನ್ನು ಒಂದೇ ಸಂದರ್ಭ ಹಿಡಿದು ನೋಡೋಣ. ಯಾರೂ ಔಟಾಗಿಲ್ಲ, ಮೊದಲ ಬೇಸಿನಲ್ಲಿ ಒಬ್ಬ ನಿಂತಿದ್ದಾನೆ. ಬ್ಯಾಟರ್ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ, ಓಟಗಾರನನ್ನು ಎರಡನೇ ಬೇಸಿಗೆ ದಾಟಿಸುವುದು ತ್ಯಾಗದ ಬಂಟ್. ಕೆನಡಾದ ಜಾರ್ಜ್ ಲಿಂಡ್ಸಿ ಅವರು ನೂರಾರು ಪಂದ್ಯಗಳ ದಾಖಲೆ ಇಟ್ಟು 1963ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬಂಟ್‌ಗೆ ಮುಂಚಿನ ಸ್ಥಿತಿಯಿಂದ ಆ ಇನಿಂಗ್ಸಿನಲ್ಲಿ ಸರಾಸರಿ ಸುಮಾರು 0.81 ರನ್ ಬರುತ್ತದೆ. ಬಂಟ್ ಯಶಸ್ವಿಯಾದ ನಂತರದ ಸ್ಥಿತಿಯಿಂದ, ಅಂದರೆ ಒಬ್ಬ ಔಟಾಗಿ ಎರಡನೇ ಬೇಸಿನಲ್ಲಿ ಒಬ್ಬನಿದ್ದಾಗ, ಸುಮಾರು 0.67. ಅಂತೂ ಯಶಸ್ವಿ ಬಂಟ್ ಕೂಡ ನಷ್ಟವೇ. ಮರುವರ್ಷ ಅರ್ನ್‌ಶಾ ಕುಕ್ ಅವರ ‘ಪರ್ಸೆಂಟೇಜ್ ಬೇಸ್‌ಬಾಲ್’ ಕೂಡ ಬಂಟ್ ವಿರುದ್ಧ ಅದೇ ದೂರು ಹೇಳಿತು. ಆದರೆ ಲಿಂಡ್ಸಿ ಅವರ ಕೋಷ್ಟಕದಲ್ಲೇ ಇನ್ನೊಂದು ಅಂಶವಿದೆ: ಕನಿಷ್ಠ ಒಂದು ರನ್ ಬರುವ ಸಾಧ್ಯತೆ ಎರಡೂ ಸ್ಥಿತಿಗಳಲ್ಲಿ ಹೆಚ್ಚುಕಡಿಮೆ ಒಂದೇ, ನೂರಕ್ಕೆ ನಲವತ್ತರ ಆಸುಪಾಸು. ಮೂರನೇ ಇನಿಂಗ್ಸಿನಲ್ಲಿ ಬಂಟ್ ದುಂದು. ಸಮಬಲದ ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸಿನಲ್ಲಿ, ಒಂದೇ ರನ್ ಸಾಕಾದಾಗ, ಅದು ವಿವೇಕವಾಗಬಹುದು. ಬ್ಯಾಟ್ ಹಿಡಿದವನು ಪಿಚರೇ ಆಗಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ, ಏಕೆಂದರೆ ಸರಾಸರಿ ಬ್ಯಾಟರನ ಅಂಕಿ ಅವನಿಗೆ ಅನ್ವಯಿಸುವುದಿಲ್ಲ. ಇಬ್ಬರು ಮ್ಯಾನೇಜರುಗಳು ಒಂದು ಋತುವಿನಲ್ಲಿ ಸಮಸಮ ಬಂಟ್ ಮಾಡಿಸಿರಬಹುದು, ಒಬ್ಬರು ಎಲ್ಲವನ್ನೂ ಪಿಚರುಗಳಿಂದ ಮತ್ತು ಕೊನೆಯ ಇನಿಂಗ್ಸುಗಳಲ್ಲಿ, ಇನ್ನೊಬ್ಬರು ಎರಡನೇ ಬ್ಯಾಟರನಿಂದ ಮೊದಲ ಇನಿಂಗ್ಸಿನಲ್ಲೇ. ಸ್ಲೈಡರಿಗೆ ಇಬ್ಬರೂ ಒಂದೇ.

1980ರ ದಶಕದಿಂದ ಈ ಬಗೆಯ ಲೆಕ್ಕಕ್ಕೆ ಬೇಕಾದ ಮಾಹಿತಿ ರಾಶಿಬೀಳತೊಡಗಿತು. 1984ರಲ್ಲಿ, ಆಟದ ಅಂಕಿಅಂಶಗಳ ಬಗ್ಗೆ ಬರೆಯುತ್ತಿದ್ದ ಬಿಲ್ ಜೇಮ್ಸ್ ಅವರ ಪ್ರೇರಣೆಯಿಂದ ‘ಪ್ರಾಜೆಕ್ಟ್ ಸ್ಕೋರ್‌ಶೀಟ್’ ಎಂಬ ಅಭಿಮಾನಿಗಳ ಜಾಲ ಪ್ರತಿ ಪಂದ್ಯದ ಪ್ರತಿ ನಡೆಯನ್ನೂ ದಾಖಲಿಸಲು ಹೊರಟಿತು. 1989ರಲ್ಲಿ ಡೇವ್ ಸ್ಮಿತ್ ಅವರು ‘ರೆಟ್ರೊಶೀಟ್’ ಸ್ಥಾಪಿಸಿ ಹಳೆಯ ಪಂದ್ಯಗಳ ಸ್ಕೋರ್ ಹಾಳೆಗಳನ್ನು ಕಲೆಹಾಕತೊಡಗಿದರು. ಅಂಕಿಅಂಶ ಕಲೆಹಾಕುವ ಸ್ಟ್ಯಾಟ್ಸ್ ಸಂಸ್ಥೆಯ ವಾರ್ಷಿಕ ಕೈಪಿಡಿಯಲ್ಲಿ ಮ್ಯಾನೇಜರುಗಳ ಒಲವುಗಳಿಗೇ ಒಂದು ವಿಭಾಗ ಬಂತು: ಯಾರು ಎಷ್ಟು ಬೇಸ್ ಕದಿಯಿಸಿದರು, ಯಾರು ಪಿಚರನ್ನು ಅತಿ ಬೇಗ ತೆಗೆದರು, ಯಾರು ಅತಿ ತಡವಾಗಿ. ಜೇಮ್ಸ್ ಅವರು 1997ರಲ್ಲಿ ಮ್ಯಾನೇಜರುಗಳ ಕುರಿತೇ ಒಂದು ದೊಡ್ಡ ಪುಸ್ತಕ ಬರೆದರು. ಒಬ್ಬೊಬ್ಬ ಮ್ಯಾನೇಜರ್‌ಗೂ ಒಂದೇ ಪ್ರಶ್ನಾವಳಿ ಒಡ್ಡುವುದು ಅವರ ಕ್ರಮವಾಗಿತ್ತು. ಹಳಬರನ್ನು ಇಷ್ಟಪಡುತ್ತಾರೋ ಹುಡುಗರನ್ನೋ, ಬೆಂಚನ್ನು ಬಳಸುತ್ತಾರೋ ಇಲ್ಲವೋ, ಒಂದು ರನ್ನಿಗೆ ಆಡುತ್ತಾರೋ ದೊಡ್ಡ ಇನಿಂಗ್ಸಿಗೋ. ಒಳ್ಳೆಯ ಮ್ಯಾನೇಜರ್ ಯಾರು ಎಂಬ ತೀರ್ಪಿಗಿಂತ ಯಾರು ಯಾರಿಂದ ಹೇಗೆ ಭಿನ್ನ ಎಂಬ ವಿವರಣೆಗೆ ಅಲ್ಲಿ ಹೆಚ್ಚು ಜಾಗ. ಈ ಹವ್ಯಾಸಕ್ಕೆ ಸಿಕ್ಕ ಅತ್ಯುತ್ತಮ ಕೊಡುಗೆಗಳಲ್ಲಿ ಅದೊಂದು ಎಂದೇ ನಾನು ಎಣಿಸುತ್ತೇನೆ. ಈಗ ಲೀಗಿನ ಸರಾಸರಿಯನ್ನು ಆಧಾರವಾಗಿಟ್ಟು ಮ್ಯಾನೇಜರನ ಪ್ರತಿ ಒಲವನ್ನೂ ಹೋಲಿಸಿ ತೋರಿಸುವ ಕೋಷ್ಟಕಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಆ ಅಂಕಿಯನ್ನು ನೋಡಿ ಅದರಂತೆ ಸ್ಲೈಡರ್ ಸರಿಸಿದರೆ ಕೆಲಸ ಮುಗಿಯಿತೆಂದು ಅನಿಸುವುದು ಸಹಜ.

ಮುಗಿಯುವುದಿಲ್ಲ, ಏಕೆಂದು ತಿಳಿಯಲು ಮ್ಯಾನೇಜರ್ ವೈಟಿ ಹರ್ಜಾಗ್ ಅವರನ್ನು ನೋಡಬೇಕು. ಅವರ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 1982ರಲ್ಲಿ ಇಡೀ ಋತುವಿನಲ್ಲಿ ಹೊಡೆದದ್ದು 67 ಹೋಮ್ ರನ್. ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸಿನಲ್ಲಿ ಅವರು ಸೋಲಿಸಿದ ಮಿಲ್ವಾಕಿ ತಂಡ ಹೊಡೆದದ್ದು 216. 1985ರಲ್ಲಿ ಕಾರ್ಡಿನಲ್ಸ್ 314 ಬೇಸ್ ಕದ್ದರು, ಅದರಲ್ಲಿ ಹೊಸ ಹುಡುಗ ವಿನ್ಸ್ ಕೋಲ್ಮನ್ ಒಬ್ಬರದೇ 110. ಇಷ್ಟನ್ನು ನೋಡಿ ಹರ್ಜಾಗ್ ಅವರ ‘ಕದಿಯುವ’ ಸ್ಲೈಡರನ್ನು ತುದಿಗೆ ತಳ್ಳುವುದು ಸುಲಭ. ಆದರೆ ಅವರ ಮೈದಾನ ವಿಶಾಲ, ನೆಲಕ್ಕೆ ಕೃತಕ ಹುಲ್ಲು. ಅಲ್ಲಿ ಹೋಮ್ ರನ್ ಹೊಡೆಯುವುದು ಕಷ್ಟ, ಓಡುವುದು ಸಲೀಸು. ಆ ನೆಲಕ್ಕೆ ತಕ್ಕ ಓಟಗಾರರನ್ನೇ ಹುಡುಕಿ ತಂಡ ಕಟ್ಟಿದ್ದರು. ಈಗ ಆಟದಲ್ಲಿ ಹರ್ಜಾಗ್ ಅವರನ್ನು ನಿಧಾನಗತಿಯ ದಾಂಡಿಗರಿರುವ ತಂಡಕ್ಕೆ ನೇಮಿಸಿ, ಅದೇ ಸ್ಲೈಡರನ್ನು ಅಲ್ಲಿಗೂ ಒಯ್ದರೆ ಏನಾಗುತ್ತದೆ? ಭಾರದ ಆಟಗಾರರು ಓಡಿ ಓಡಿ ಔಟಾಗುತ್ತಾರೆ. ಹರ್ಜಾಗ್ ಎಂದೂ ಮಾಡದ ಮೂರ್ಖತನ ಅವರ ಹೆಸರಿನಲ್ಲಿ ನಡೆಯುತ್ತದೆ. ಲೆಕ್ಕದಲ್ಲಿ ಕಂಡ ಅಂಕಿಯಲ್ಲಿ ಮ್ಯಾನೇಜರ್ ಎಷ್ಟು, ಆಟಗಾರರು ಎಷ್ಟು, ಮೈದಾನ ಎಷ್ಟು ಎಂದು ಬಿಡಿಸದೆ ಎಲ್ಲವನ್ನೂ ಮ್ಯಾನೇಜರನ ತಲೆಗೆ ಕಟ್ಟಿದ್ದರ ಫಲ ಇದು.

ಬಿಡಿಸಲು ಸಾಧ್ಯವೇ ಎಂದರೆ, ಒಬ್ಬನೇ ಮ್ಯಾನೇಜರ್ ಹಲವು ತಂಡಗಳನ್ನು ನಡೆಸಿದ್ದರೆ ಸಾಧ್ಯ. ಬಿಲ್ಲಿ ಮಾರ್ಟಿನ್ ಇದಕ್ಕೆ ಒಳ್ಳೆಯ ಸಾಕ್ಷಿ. 1969ರಲ್ಲಿ ಅವರು ಮಿನ್ನೆಸೋಟ ಟ್ವಿನ್ಸ್ ಮ್ಯಾನೇಜರ್ ಆಗಿದ್ದ ಒಂದೇ ವರ್ಷದಲ್ಲಿ ರಾಡ್ ಕರೂ ಏಳು ಸಲ ಹೋಮ್ ಬೇಸನ್ನೇ ಕದ್ದರು. ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಮೂರನೇ ಬೇಸಿನಿಂದ ಓಡಿಬಂದು ರನ್ ಮಾಡುವುದೆಂದರೆ ಆಟದಲ್ಲೇ ಅತ್ಯಂತ ಎದೆಗಾರಿಕೆಯ ಕೆಲಸ. ಹನ್ನೊಂದು ವರ್ಷದ ಮೇಲೆ, ಬೇರೆ ಊರು, ಬೇರೆ ಆಟಗಾರರು: 1980ರ ಓಕ್ಲಂಡ್‌ನಲ್ಲಿ ಅವರ ಕೈಕೆಳಗೆ ಯುವಕ ರಿಕಿ ಹೆಂಡರ್ಸನ್ 100 ಬೇಸ್ ಕದ್ದರು. ಹಿಂದಿನ ವರ್ಷ 108 ಪಂದ್ಯ ಸೋತಿದ್ದ ತಂಡ ಆ ವರ್ಷ 83 ಗೆದ್ದಿತು. ಅದೇ ತಂಡದ ಪಿಚರುಗಳು 162 ಪಂದ್ಯಗಳಲ್ಲಿ 94ನ್ನು ಬದಲಿಯಿಲ್ಲದೆ ತಾವೇ ಮುಗಿಸಿದರು. ರಿಕ್ ಲ್ಯಾಂಗ್‌ಫರ್ಡ್ ಒಬ್ಬರೇ 28. ಮುಂದಿನ ವರ್ಷಗಳಲ್ಲಿ ಆ ಪಿಚರುಗಳ ತೋಳುಗಳು ಸೋತಾಗ ಈ ಅತಿಬಳಕೆಯನ್ನೇ ಅನೇಕರು ದೂರಿದರು. ಇಲ್ಲಿ ಒಂದು ವಿವೇಚನೆ ಬೇಕು. ಓಡಿಸುವ ಒಲವು ಊರು ಬದಲಾದರೂ ಮಾರ್ಟಿನ್ ಜೊತೆಗೇ ಬಂದಿದೆ, ಹಾಗಾಗಿ ಅದನ್ನು ಅವರ ಜಾಯಮಾನವೆಂದು ಬರೆಯಬಹುದು. 94 ಎಂಬ ಅಂಕಿಯಲ್ಲಿ ಅವರ ಹಟದ ಪಾಲು ಇದೆ, ಬದಲಿಗೆ ಕರೆಯಲು ನಂಬುವಂಥ ಪಿಚರುಗಳಿಲ್ಲದ ತಂಡದ ಬಡತನದ ಪಾಲೂ ಇದೆ. ಎರಡನ್ನೂ ಒಂದೇ ತೂಕದಲ್ಲಿ ಸ್ಲೈಡರಿಗೆ ಇಳಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಇಷ್ಟೆಲ್ಲ ತಲೆನೋವು ಯಾಕೆ, ಯಂತ್ರ ಯಾವಾಗಲೂ ಲೆಕ್ಕದ ಪ್ರಕಾರ ಅತ್ಯುತ್ತಮ ನಡೆಯನ್ನೇ ಆಡಲಿ ಎಂಬ ಆಕ್ಷೇಪ ಇದೆ. ತಪ್ಪೆಂದು ಸಾಬೀತಾದ ಅಭ್ಯಾಸವನ್ನು ಬೇಕೆಂದೇ ಪ್ರೋಗ್ರಾಮಿಗೆ ತುಂಬುವುದೇಕೆ? ಗೆಲ್ಲುವುದಷ್ಟೇ ಉದ್ದೇಶವಾದ ಆಟಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಈ ಆಟಗಳನ್ನು ಆಡುವವರಲ್ಲಿ ಬಹಳ ಮಂದಿ ಕಳೆದುಹೋದ ಋತುಗಳನ್ನು ಮರಳಿ ಆಡುವವರು. 1908ರ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಇಂದಿನ ಲೆಕ್ಕಪಂಡಿತರ ಬುದ್ಧಿಯಿಂದ ಆಡಿಸಿದರೆ ಸಮವಸ್ತ್ರ ಮ್ಯಾನೇಜರ್ ಜಾನ್ ಮೆಗ್ರಾ ಅವರ ತಂಡದ್ದಾಗಿರುತ್ತದೆ, ಆಟ ಅವರದಾಗಿರುವುದಿಲ್ಲ. ಮೆಗ್ರಾ ಆಡಿ ಬೆಳೆದ ಕಾಲದಲ್ಲಿ ಚೆಂಡು ಜಡ, ಹೋಮ್ ರನ್ ವಿರಳ, ಗ್ಲೌಸು ಸಣ್ಣದು, ಫೀಲ್ಡಿಂಗ್ ತಪ್ಪುಗಳು ಹೇರಳ. ಅಂಥ ಕಾಲದಲ್ಲಿ ಬಂಟ್ ಮತ್ತು ಓಟಕ್ಕೆ ಇಂದಿನದಕ್ಕಿಂತ ಹೆಚ್ಚಿನ ಬೆಲೆ ಇತ್ತು. 1960ರ ಸುಮಾರಿನ ಪಂದ್ಯಗಳಿಂದ ಪಡೆದ ಕೋಷ್ಟಕವನ್ನು ಅವರ ಮೇಲೆ ಹೇರಲಾಗದು. ಇನ್ನು ನಿಜವಾಗಿ ತಪ್ಪೇ ಆಗಿದ್ದ ಅಭ್ಯಾಸಗಳು ಇದ್ದವಲ್ಲ? ಅವೂ ಬೇಕು. 1964ರ ಸೆಪ್ಟೆಂಬರಿನಲ್ಲಿ ಮುನ್ನಡೆಯಲ್ಲಿದ್ದ ಫಿಲಡೆಲ್ಫಿಯಾ ತಂಡ ಸತತ ಹತ್ತು ಪಂದ್ಯ ಸೋತು ಪ್ರಶಸ್ತಿ ಕಳೆದುಕೊಂಡಿತು. ಆ ದಿನಗಳಲ್ಲಿ ಮ್ಯಾನೇಜರ್ ಜೀನ್ ಮಾಕ್ ಅವರು ಪಿಚರುಗಳಾದ ಜಿಮ್ ಬನ್ನಿಂಗ್ ಮತ್ತು ಕ್ರಿಸ್ ಶಾರ್ಟ್ ಅವರನ್ನು ಸಾಕಷ್ಟು ವಿಶ್ರಾಂತಿಯಿಲ್ಲದೆ ಮತ್ತೆಮತ್ತೆ ಎಸೆಯಲು ಇಳಿಸಿದ್ದು ಇಂದಿಗೂ ಚರ್ಚೆಯ ವಸ್ತು. ಮಾಕ್ ಹಾಗೆ ಮಾಡದಿದ್ದರೆ ಏನಾಗುತ್ತಿತ್ತು ಎಂದು ಆಟದ ಮೂಲಕ ಕೇಳಬೇಕಾದರೂ, ಮೊದಲು ಅವರು ಮಾಡಿದ್ದನ್ನು ಮಾಡುವ ಯಂತ್ರ ನಮ್ಮ ಬಳಿ ಇರಬೇಕು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ಮ್ಯಾನೇಜರನ ಪಂದ್ಯದೊಳಗಿನ ತಂತ್ರದಿಂದ ಒಂದು ಋತುವಿನಲ್ಲಿ ಗೆಲುವು-ಸೋಲುಗಳು ಹೆಚ್ಚೇನೂ ಬದಲಾಗುವುದಿಲ್ಲ. ಒಳ್ಳೆಯ ಆಟಗಾರರಿದ್ದರೆ ತಂಡ ಗೆಲ್ಲುತ್ತದೆ. ಆದ್ದರಿಂದ ಒಲವುಗಳನ್ನು ಇಷ್ಟು ನಾಜೂಕಾಗಿ ಹೊಂದಿಸುವುದು ವ್ಯರ್ಥ ಎನ್ನುವುದು ಅದರ ಸಾರ. ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಒಂದು ಬಂಟ್‌ನಿಂದ ಆಗುವ ನಷ್ಟ ರನ್ನಿನ ಏಳನೇ ಒಂದು ಭಾಗ ಎಂದು ಲಿಂಡ್ಸಿ ಅವರ ಅಂಕಿಗಳೇ ಹೇಳುತ್ತವೆ, ಅದು ದೊಡ್ಡ ಮೊತ್ತವಲ್ಲ. ಆದರೆ ಗೆಲುವಿನ ಪಟ್ಟಿ ಸರಿಬಂದ ಮಾತ್ರಕ್ಕೆ ಮರುಸೃಷ್ಟಿ ಸರಿಯಾಯಿತು ಎನ್ನಲಾಗದು. ಕೋಲ್ಮನ್ ಓಡದ 1985ರ ಸೇಂಟ್ ಲೂಯಿಸ್, ಲ್ಯಾಂಗ್‌ಫರ್ಡ್ ಆರನೇ ಇನಿಂಗ್ಸಿಗೇ ಹೊರಡುವ 1980ರ ಓಕ್ಲಂಡ್ ಅಷ್ಟೇ ಪಂದ್ಯ ಗೆದ್ದರೂ ಆ ತಂಡಗಳಾಗುವುದಿಲ್ಲ. ನೋಡಲು ಬಂದ ಜನ ಟಿಕೆಟ್ ಕೊಟ್ಟು ಕಂಡದ್ದು, ರೇಡಿಯೊದಲ್ಲಿ ಕೇಳಿದ್ದು, ವರ್ಷಗಟ್ಟಲೆ ನೆನಪಿಟ್ಟುಕೊಂಡದ್ದು ಆ ಆಟದ ರೀತಿಯನ್ನು. ಕಾದಂಬರಿಕಾರ ಜ್ಯಾಕ್ ಕೆರೊವಾಕ್ ಹುಡುಗರಾಗಿದ್ದಾಗ ಮೋಟಾರು ಕಾರುಗಳ ಹೆಸರಿಟ್ಟ ಕಾಲ್ಪನಿಕ ತಂಡಗಳನ್ನು ಕಟ್ಟಿ, ತಾವೇ ಕಾರ್ಡು ಮಾಡಿ, ಪಂದ್ಯ ಮುಗಿದ ಮೇಲೆ ಪತ್ರಿಕೆಯ ವರದಿಯನ್ನೂ ತಾವೇ ಬರೆಯುತ್ತಿದ್ದರು. ಆ ಕಾಗದಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಕೋಷ್ಟಕವಷ್ಟೇ ಸಾಕಾಗಿದ್ದರೆ ಅವರಿಗೆ ಆ ವರದಿಗಳು ಬೇಕಿರಲಿಲ್ಲ.

ಹಾಗಾದರೆ ಸರಿಯಾದ ಏರ್ಪಾಡು ಯಾವುದು? ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಅವರು 1999ರಲ್ಲಿ ಮೊದಲು ಹೊರತಂದ ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಈ ಹಾದಿಯಲ್ಲಿ ದೂರ ಬಂದಿದೆ. ಅದರಲ್ಲಿ ತಂಡದ ತಂತ್ರವನ್ನು ಯಾವ ಇನಿಂಗ್ಸ್, ಎಷ್ಟು ರನ್ ಮುಂದೆ ಅಥವಾ ಹಿಂದೆ ಎಂಬ ಚೌಕಗಳಿಗೆ ಅನುಸಾರವಾಗಿ ಬೇರೆಬೇರೆಯಾಗಿ ಹೊಂದಿಸಬಹುದು. ಅದರ ಮೇಲೆ ಒಬ್ಬೊಬ್ಬ ಆಟಗಾರನಿಗೂ ಪ್ರತ್ಯೇಕ ಆಜ್ಞೆ ಕೊಡಬಹುದು, ತಂಡ ಓಡಲಿ ಆದರೆ ಇವನು ಮಾತ್ರ ಓಡಕೂಡದು ಎಂಬಂತೆ. ಟಪಾಲು ಕಾಲದ ‘ಆದರೆ’ಗಳು ಚೌಕಗಳ ರೂಪದಲ್ಲಿ ಮರಳಿ ಬಂದಿವೆ ಎಂದೇ ನಾನು ಇದನ್ನು ಓದುತ್ತೇನೆ. ಆದರೂ ಚೌಕಗಳನ್ನು ತುಂಬುವವರು ಕಾಲದ ನಿಯಮಗಳನ್ನು ಮೊದಲು ನೋಡಬೇಕು, ಮ್ಯಾನೇಜರನನ್ನು ಆಮೇಲೆ. 1973ರಲ್ಲಿ ಮೇಜರ್ ಲೀಗಿನ ಒಂದು ವಿಭಾಗವಾದ ಅಮೆರಿಕನ್ ಲೀಗ್ ಪಿಚರ್ ಬದಲು ಬ್ಯಾಟ್ ಮಾಡುವ ನಿಯೋಜಿತ ಬ್ಯಾಟರನ್ನು ತಂದಿತು, 2022ರಲ್ಲಿ ಇನ್ನೊಂದು ವಿಭಾಗವಾದ ನ್ಯಾಷನಲ್ ಲೀಗ್ ಕೂಡ ಅದನ್ನು ಕಾಯಂ ಮಾಡಿಕೊಂಡಿತು. ಬಂಟ್‌ಗೆ ಇದ್ದ ಅತಿ ದೊಡ್ಡ ಸಮರ್ಥನೆ ಅದರೊಂದಿಗೆ ಹೋಯಿತು. 2023ರಲ್ಲಿ ಬೇಸುಗಳನ್ನು ದೊಡ್ಡದಾಗಿಸಿ, ಪಿಚರ್ ಓಟಗಾರನನ್ನು ತಡೆಯಲು ಎಸೆಯುವ ಎಸೆತಗಳಿಗೆ ಮಿತಿ ಹಾಕಿದಾಗ, ಮೇಜರ್ ಲೀಗಿನಲ್ಲಿ ಕದ್ದ ಬೇಸುಗಳು 2,486ರಿಂದ 3,503ಕ್ಕೆ ಏರಿದವು. ಮೂವತ್ತು ಮ್ಯಾನೇಜರುಗಳ ಧೈರ್ಯ ಒಂದೇ ಚಳಿಗಾಲದಲ್ಲಿ ಏರಲಿಲ್ಲ. ಅವರು ನಿಂತ ನೆಲ ಬದಲಾಯಿತು. ಆ ಕಾರಣಕ್ಕೇ ಒಲವನ್ನು ಯಾವಾಗಲೂ ಆ ಕಾಲದ ಸರಾಸರಿಗೆ ಹೋಲಿಸಿ ಬರೆಯಬೇಕು.

ಇನ್ನೊಂದು ಕಡೆಯಿಂದಲೂ ನೆಲ ಸರಿಯುತ್ತಿದೆ. ಟಿಪೆಟ್ ಅವರು ಮುಂದೆ ಬಾಸ್ಟನ್ ರೆಡ್ ಸಾಕ್ಸ್ ತಂಡದ ಮಾಹಿತಿ ವಿಭಾಗಕ್ಕೆ ಸೇರಿದರು, ಜೇಮ್ಸ್ ಅವರೂ ಅದೇ ತಂಡಕ್ಕೆ ಸಲಹೆಗಾರರಾದರು. ಇಂಥ ಆಟಗಳ ವಲಯದ ಲೆಕ್ಕಾಚಾರ ನಿಜವಾದ ತಂಡಗಳ ಕಚೇರಿಯೊಳಗೆ ಕಾಲಿಟ್ಟಿತು. ಅದರ ಒಂದು ಉದಾಹರಣೆ: 2020ರ ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ ಟಾಂಪಾ ಬೇ ತಂಡ 1-0 ಮುಂದಿತ್ತು. ಪಿಚರ್ ಬ್ಲೇಕ್ ಸ್ನೆಲ್ ಎಸೆದದ್ದು 73 ಚೆಂಡು, ಕೊಟ್ಟದ್ದು ಎರಡೇ ಹಿಟ್, ಒಂಬತ್ತು ಮಂದಿಯನ್ನು ಸ್ಟ್ರೈಕ್ಔಟ್ ಮಾಡಿದ್ದರು. ಆರನೇ ಇನಿಂಗ್ಸಿನಲ್ಲಿ ಎದುರಾಳಿಯ ಬ್ಯಾಟಿಂಗ್ ಕ್ರಮದ ಮೊದಲಿಗ ಮೂಕಿ ಬೆಟ್ಸ್ ಮೂರನೇ ಸಲ ಬರುತ್ತಿದ್ದಂತೆ ಮ್ಯಾನೇಜರ್ ಕೆವಿನ್ ಕ್ಯಾಶ್ ಹೊರಬಂದು ಸ್ನೆಲ್ ಅವರನ್ನು ಹಿಂದಕ್ಕೆ ಕರೆದರು. ಹೊಸ ಪಿಚರ್ ನಿಕ್ ಆ್ಯಂಡರ್ಸನ್ ಎದುರು ಬೆಟ್ಸ್ ಎರಡನೇ ಬೇಸ್ ಮುಟ್ಟಿಸುವ ಡಬಲ್ ಹೊಡೆದರು, ಅದೇ ಇನಿಂಗ್ಸಿನಲ್ಲಿ ಮುನ್ನಡೆ ಕೈಬಿಟ್ಟಿತು, ಲಾಸ್ ಏಂಜಲೀಸ್ ಡಾಡ್ಜರ್ಸ್ 3-1ರಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದರು. ಒಬ್ಬನೇ ಪಿಚರನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರುಗಳು ಹೆಚ್ಚು ಚೆನ್ನಾಗಿ ಆಡುತ್ತಾರೆ ಎಂಬುದು ಲೆಕ್ಕ ಬಲ್ಲವರ ವಲಯದಲ್ಲಿ ಬೇರೂರಿದ ತಿಳಿವಳಿಕೆ. ಆ ವರ್ಷವಿಡೀ ಟಾಂಪಾ ಅದರಂತೆಯೇ ನಡೆದಿತ್ತು. ಈಗ ಆಟದಲ್ಲಿ ಈ ತಂಡವನ್ನು ಕಟ್ಟಲು ಕೂತವರು ಕ್ಯಾಶ್ ಅವರ ಹೆಸರಿನ ಪಕ್ಕ ಪಿಚರ್ ಬದಲಾವಣೆಯ ಸ್ಲೈಡರನ್ನು ‘ಅತಿ ಬೇಗ’ ಎಂಬಲ್ಲಿಗೆ ತಳ್ಳಿದರೆ, ಯಂತ್ರ ನಾಲ್ಕನೇ ಇನಿಂಗ್ಸಿನಲ್ಲೂ ಅವಸರಪಡುತ್ತದೆ, ಎರಡನೇ ಸುತ್ತಿನಲ್ಲೂ ಅವಸರಪಡುತ್ತದೆ. ಎಸೆದ ಚೆಂಡುಗಳ ಲೆಕ್ಕ, ದಣಿವು, ಇನಿಂಗ್ಸ್, ರನ್ನುಗಳ ಅಂತರ ಇವುಗಳಲ್ಲಿ ಯಾವುದೂ ಸ್ನೆಲ್ ಅವರನ್ನು ಆ ಗಳಿಗೆಯಲ್ಲಿ ಹೊರಗೆ ಕಳಿಸುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಬ್ಯಾಟಿಂಗ್ ಕ್ರಮದ ಎಷ್ಟನೇ ಸುತ್ತು ಎಂದು ಕೇಳುವ ಇನ್ನೊಂದು ಚೌಕ, ಮತ್ತು ಆ ಚೌಕವನ್ನು ಮ್ಯಾನೇಜರನ ಪುಟದಲ್ಲಿ ಇಡಬೇಕೋ ತಂಡದ ಕಚೇರಿಯ ಪುಟದಲ್ಲಿ ಇಡಬೇಕೋ ಎಂಬ ಇನ್ನೂ ಇತ್ಯರ್ಥವಾಗದ ನಿರ್ಧಾರ.